ಎರಡು ಕಾಲಮ್ಮಿನ ನೋಟ್‌ಬುಕ್ ಮುಚ್ಚಿಡಿ: ಶಾಲೆಗೆ ಬೇಕಾದ ಪ್ರೌಢ ಇಂಗ್ಲಿಷ್ ಪದಗಳನ್ನು ಕಲಿಯುವ ಬಗೆ

ಹತ್ತನೇ ತರಗತಿಗೆ ಬಂದಿರುವ ನನ್ನ ತಂಗಿಯ ಮಗಳು ರಜೆಯಲ್ಲಿ ಒಂದು ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ, ನಡುವೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಒಟ್ಟು 312 ಪದಗಳು, ಮುತ್ತು ಪೋಣಿಸಿದಂಥ ಅಕ್ಷರ. "ಎಲ್ಲವೂ ಬಾಯಿಪಾಠ ಆಗಿದೆ ದೊಡ್ಡಮ್ಮ, ಬೇಕಾದರೆ ಕೇಳಿ ನೋಡಿ" ಎಂದಳು. ಪುಟದ ಮೇಲಿನಿಂದ ಕೆಳಕ್ಕೆ ಕೇಳಿದಾಗ ಗಡಗಡನೆ ಒಪ್ಪಿಸಿದಳು. ಅಲ್ಲೊಂದು ಇಲ್ಲೊಂದು ಹಾರಿಸಿ ಕೇಳಿದಾಗ ತಡವರಿಸಿದಳು. "ರಿಲಕ್ಟಂಟ್" ಎಂದರೆ ಏನು ಎಂದಾಗ ಕಣ್ಣನ್ನು ಮೇಲಕ್ಕೆತ್ತಿ, "ಅದು ಎಡಪುಟದ ಕೊನೆಯಲ್ಲಿ ಬರುತ್ತದೆ, ಅದರ ಮೇಲೆ ರಿಲೆಂಟ್‌ಲೆಸ್ ಇದೆ, ಅದರ ಮೇಲೆ..." ಎಂದು ಮೆಟ್ಟಿಲು ಹತ್ತತೊಡಗಿದಳು. ಪಾಪ, ಅವಳಿಗೆ ಬಾಯಿಪಾಠವಾಗಿದ್ದುದು ಆ ಪುಟ.

ನಗುವ ಹಕ್ಕು ನನಗಿಲ್ಲ. ಇಪ್ಪತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ ನಾನು ಏಳನೇ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಆಮೇಲೆ ದಿಕ್ಕು ತೋಚದೆ ಇಂಥದ್ದೇ ನೋಟ್‌ಬುಕ್ ಬರೆದುಕೊಂಡವಳು. ಅದರಲ್ಲಿ "ಅಫಿಶಿಯಸ್" ಎಂಬ ಪದದ ಎದುರಿಗೆ "ಅತ್ಯುತ್ಸಾಹಿ" ಎಂದು ಬರೆದಿದ್ದೆ. ಅಫಿಶಿಯಲ್ ಎಂಬ ಪದಕ್ಕೆ ಹತ್ತಿರವಿದೆಯಲ್ಲ, ಕರ್ತವ್ಯದಲ್ಲಿ ಅತ್ಯುತ್ಸಾಹಿ ಎಂದಿರಬೇಕು ಎಂದು ನಾನೇ ತೀರ್ಮಾನಿಸಿಕೊಂಡೆ. ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ ಸಭೆಯಲ್ಲಿ ಧ್ವನಿವರ್ಧಕದ ಮುಂದೆ ನಿಂತು, ಇಷ್ಟು ಅಫಿಶಿಯಸ್ ಆದ ಗುರುಗಳನ್ನು ನಾವು ಕಂಡಿಲ್ಲ ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದೆ. ಬೇಡದ ಕಡೆಯೆಲ್ಲ ಮೂಗು ತೂರಿಸಿ ಅಧಿಕಾರ ಚಲಾಯಿಸುವವನಿಗೆ ಆ ಪದ ಸಲ್ಲುತ್ತದೆ. ಶಿಕ್ಷಕರ ಸಾಲಿನಲ್ಲಿ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಅವರಲ್ಲಿ ಕೆಲವರು ನನ್ನ ಮಾತನ್ನು ಒಪ್ಪಿದ್ದರೆಂದು ಆಮೇಲೆ ತಿಳಿಯಿತು, ಅದು ಬೇರೆ ಮಾತು.

ಪದದ ಅರ್ಥ ಗೊತ್ತಿದ್ದೂ ಪದ ಗೊತ್ತಿಲ್ಲದಿರುವ ಈ ಸ್ಥಿತಿಯಿಂದ ಹೊರಬರುವ ದಾರಿಯನ್ನು ನಾನು ತಡವಾಗಿ ಕಲಿತೆ. ಆ ರಜೆಯಲ್ಲಿ ತಂಗಿಯ ಮಗಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವ ಪದ ಬೇಕು, ಯಾವುದು ಬೇಡ

ಅವಳ ನೋಟ್‌ಬುಕ್ಕಿನಲ್ಲಿ "ಸೆಸ್ಕ್ವಿಪಿಡೇಲಿಯನ್" ಎಂಬ ಪದವಿತ್ತು. ಉದ್ದುದ್ದ ಪದಗಳಿಂದ ತುಂಬಿದ ಬರವಣಿಗೆಯನ್ನು ಹಾಗೆ ಕರೆಯುತ್ತಾರೆ. ನನ್ನ ಇಡೀ ಸೇವಾವಧಿಯಲ್ಲಿ ಅದು ಒಂದು ಪಾಠದಲ್ಲೂ ಎದುರಾಗಲಿಲ್ಲ. ಅದೇ ಹುಡುಗಿಗೆ "ಡಿರೈವ್" ಸರಿಯಾಗಿ ಗೊತ್ತಿರಲಿಲ್ಲ. ಗಣಿತದಲ್ಲಿ ಸೂತ್ರವನ್ನು ಡಿರೈವ್ ಮಾಡುತ್ತಾರೆ, ಕಥೆಯಲ್ಲಿ ಒಬ್ಬಳು ಓದಿನಿಂದ ಸಂತೋಷವನ್ನು ಡಿರೈವ್ ಮಾಡುತ್ತಾಳೆ, ಭಾಷಾಪಾಠದಲ್ಲಿ ಒಂದು ಪದ ಲ್ಯಾಟಿನ್‌ನಿಂದ ಡಿರೈವ್ ಆಗಿರುತ್ತದೆ. ಒಂದು ಪದ ಕಲಿತರೆ ಮೂರು ಪುಸ್ತಕಗಳು ಹಗುರಾಗುತ್ತವೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಇಸಬೆಲ್ ಬೆಕ್ ಮತ್ತು ಅವರ ಸಂಗಡಿಗರು ಪದಗಳನ್ನು ಮೂರು ಅಂತಸ್ತುಗಳಾಗಿ ನೋಡುತ್ತಾರೆ. ಮೊದಲನೆಯದರಲ್ಲಿ ದಿನಬಳಕೆಯ ಮಾತುಗಳಿವೆ. ಅವು ತಾವಾಗಿಯೇ ಬರುತ್ತವೆ. ಮೂರನೆಯದರಲ್ಲಿ ಫೋಟೊಸಿಂಥೆಸಿಸ್, ಐಸೋಸೆಲಿಸ್‌ನಂಥ ವಿಷಯದ ಪದಗಳಿವೆ. ಅವನ್ನು ಆಯಾ ಪಾಠದಲ್ಲೇ ಶಿಕ್ಷಕರು ವಿವರಿಸುತ್ತಾರೆ. ನಡುವಿನ ಅಂತಸ್ತಿನ ಪದಗಳು ಎಲ್ಲ ವಿಷಯಗಳಲ್ಲೂ ಬರುತ್ತವೆ, ಯಾವ ವಿಷಯದ ಶಿಕ್ಷಕರೂ ಅವನ್ನು ಕೈಹಿಡಿದು ಕಲಿಸುವುದಿಲ್ಲ. ಅಸ್ಯೂಮ್, ಎವಿಡೆಂಟ್, ಕಾನ್ಸ್ಟಿಟ್ಯೂಟ್, ಸಿಗ್ನಿಫಿಕಂಟ್, ಇಂಟರ್‌ಪ್ರಿಟ್ ಈ ಗುಂಪಿನವು. ನಿಮ್ಮ ಸಮಯವನ್ನೆಲ್ಲ ಇಲ್ಲಿ ಸುರಿಯಿರಿ.

ಇವುಗಳ ಸಿದ್ಧ ಪಟ್ಟಿ ಬೇಕೆನ್ನುವವರಿಗೆ ನ್ಯೂಜಿಲೆಂಡಿನ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ಇದೆ. ಸುಮಾರು 35 ಲಕ್ಷ ಪದಗಳಷ್ಟು ಶೈಕ್ಷಣಿಕ ಬರಹವನ್ನು ಜಾಲಾಡಿ, ಬೇರೆ ಬೇರೆ ವಿಷಯಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡ 570 ಪದಕುಟುಂಬಗಳನ್ನು, ಅಂದರೆ ಒಂದೇ ಪದದಿಂದ ಕವಲೊಡೆದ ಪದಗಳ ಗುಂಪುಗಳನ್ನು, ಅವರು ಆರಿಸಿದರು. ಆ ಬಗೆಯ ಬರಹದಲ್ಲಿ ಹತ್ತು ಪದಗಳಿಗೆ ಒಂದರಂತೆ ಈ ಪಟ್ಟಿಯದೇ ಪದ ಸಿಗುತ್ತದೆ. ಪಟ್ಟಿ ಹತ್ತು ಭಾಗಗಳಾಗಿ ಹಂಚಿಕೆಯಾಗಿದ್ದು, ಅತಿ ಹೆಚ್ಚು ಬಳಕೆಯ 60 ಕುಟುಂಬಗಳು ಮೊದಲ ಭಾಗದಲ್ಲಿವೆ. ಅದು ವಿಶ್ವವಿದ್ಯಾಲಯದ ಬರಹಗಳಿಂದ ತೆಗೆದ ಪಟ್ಟಿಯಾದ್ದರಿಂದ ಶಾಲೆಯ ಮಕ್ಕಳು ಇಡಿಯಾಗಿ ಮುಗಿಸುವ ಹಟ ಹಿಡಿಯಬೇಕಿಲ್ಲ. ಮೊದಲ ಎರಡು ಮೂರು ಭಾಗಗಳು ಸಾಕಷ್ಟು ದೂರ ಕರೆದೊಯ್ಯುತ್ತವೆ.

ಪ್ರಶ್ನೆಪತ್ರಿಕೆಯ ಕ್ರಿಯಾಪದಗಳನ್ನಂತೂ ಎಲ್ಲಕ್ಕಿಂತ ಮೊದಲು ಕಲಿಯಿರಿ. ಡಿಸ್ಕ್ರೈಬ್ ಎಂದರೆ ಹೇಗಿದೆಯೋ ಹಾಗೆ ವರ್ಣಿಸುವುದು. ಎವ್ಯಾಲ್ಯುಯೇಟ್ ಎಂದರೆ ಅದು ಎಷ್ಟರಮಟ್ಟಿಗೆ ಸರಿ ಎಂದು ತೂಗಿ ಹೇಳುವುದು. ಇನ್ಫರ್ ಎಂದರೆ ಬರೆದಿಲ್ಲದ್ದನ್ನು ಬರೆದಿರುವುದರಿಂದ ಊಹಿಸುವುದು. ಜಸ್ಟಿಫೈ ಎಂದರೆ ಕಾರಣ ಕೊಟ್ಟು ಸಮರ್ಥಿಸುವುದು. ಪಾಠವೆಲ್ಲ ಗೊತ್ತಿದ್ದೂ, ತೂಗಿ ಹೇಳಬೇಕಾದಲ್ಲಿ ಬರೀ ವರ್ಣನೆ ಬರೆದು ಅಂಕ ಕಳೆದುಕೊಂಡ ಉತ್ತರಪತ್ರಿಕೆಗಳನ್ನು ನಾನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ.

ಉಳಿದಂತೆ ನನ್ನ ನಿಯಮ ಸರಳ. ಒಂದು ಅಪರಿಚಿತ ಪದ ಮೊದಲ ಸಲ ಕಂಡಾಗ ಪೆನ್ಸಿಲ್‌ನಲ್ಲಿ ಸಣ್ಣ ಚುಕ್ಕೆ. ಅದೇ ಪದ ಬೇರೊಂದು ವಿಷಯದ ಪುಸ್ತಕದಲ್ಲಿ ಮತ್ತೆ ಕಂಡರೆ ಅದಕ್ಕೆ ಕಾರ್ಡು ಬರೆಯಬೇಕು. ವಾರಕ್ಕೆ ಹತ್ತು ಕಾರ್ಡು, ಹೆಚ್ಚು ಬೇಡ. ದಿನಕ್ಕೆ ಐವತ್ತು ಪದ ಎಂದು ಹೊರಟವರು ಎರಡನೇ ವಾರಕ್ಕೆ ನೋಟ್‌ಬುಕ್ಕನ್ನೇ ಕಳೆದುಕೊಂಡಿರುತ್ತಾರೆ.

ಒಂದು ಪದ, ಒಂದು ಕಾರ್ಡು, ಒಂದು ಜಗಳ

ಕಾರ್ಡು ಬರೆಯುವುದು ಹೇಗೆಂದು ತೋರಿಸಲು "ಮಿಟಿಗೇಟ್" ಎಂಬ ಪದವನ್ನು ಆರಿಸಿಕೊಂಡೆ. ಅವಳ ಭೂಗೋಳ ಮತ್ತು ವಿಜ್ಞಾನ ಪುಸ್ತಕಗಳೆರಡರಲ್ಲೂ ಅದಕ್ಕೆ ಚುಕ್ಕೆ ಬಿದ್ದಿತ್ತು.

ಕಾರ್ಡಿನ ಮುಂಭಾಗದಲ್ಲಿ ಪದವನ್ನು ಬರೆಯಬೇಡಿ. ಪಾಠದಲ್ಲಿ ಆ ಪದ ಸಿಕ್ಕ ಇಂಗ್ಲಿಷ್ ವಾಕ್ಯವನ್ನು ಇಡಿಯಾಗಿ ಬರೆದು, ಪದವಿದ್ದ ಜಾಗವನ್ನು ಖಾಲಿ ಬಿಟ್ಟು, ಮೊದಲ ಅಕ್ಷರವಾದ ಎಂ ಮಾತ್ರ ಕೊಡಿ. ಸಾಲುಮರಗಳು ಬಿಸಿಲಿನ ಪರಿಣಾಮವನ್ನು ಎಂ-ಖಾಲಿ ಎಂದು ಅವಳ ಕಾರ್ಡಿನಲ್ಲಿತ್ತು. ಖಾಲಿ ಜಾಗವನ್ನು ನೋಡಿ ಪದವನ್ನು ತಲೆಯೊಳಗಿಂದ ಎಳೆದು ತರಬೇಕು. ಪರೀಕ್ಷೆಯಲ್ಲಿ, ಪ್ರಬಂಧದಲ್ಲಿ ನೀವು ಮಾಡಬೇಕಾದ ಕೆಲಸವೂ ಅದೇ ತಾನೆ?

ಹಿಂಭಾಗದಲ್ಲಿ ಮೊದಲು ಪದ, ಅದರ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಉಚ್ಚಾರ. ಒತ್ತು ಬೀಳುವ ಅಕ್ಷರದ ಅಡಿಗೆ ಗೆರೆ. ಮಿಟಿಗೇಟ್‌ನಲ್ಲಿ ಒತ್ತು ಮೊದಲ "ಮಿ" ಮೇಲೆ. ಆಮೇಲೆ ಅರ್ಥ. ಅವಳು "ಕಡಿಮೆ ಮಾಡು" ಎಂದು ಬರೆದಳು. ಹಾಗಾದರೆ ಸ್ವಂತ ವಾಕ್ಯ ಮಾಡು ಎಂದೆ. ಕೊಡೆ ಮಳೆಯನ್ನು ಮಿಟಿಗೇಟ್ ಮಾಡುತ್ತದೆ ಎಂದು ಬರೆದಳು.

ನಾನು ತಲೆಯಾಡಿಸಿದೆ. ಅವಳಿಗೆ ಸಿಟ್ಟು ಬಂತು. "ಕಡಿಮೆ ಮಾಡು ಎಂದೇ ಅರ್ಥವಲ್ಲವೇ ದೊಡ್ಡಮ್ಮ?"

"ಕೊಡೆ ಹಿಡಿದರೆ ಸುರಿಯುವ ಮಳೆ ಕಡಿಮೆಯಾಗುತ್ತದೆಯೇ?"

"ನನ್ನ ಮೇಲೆ ಬೀಳುವುದು ಕಡಿಮೆಯಾಗುತ್ತದೆ."

"ಅದು ಮಳೆಯನ್ನು ನಿನ್ನಿಂದ ಮರೆಮಾಡಿತು, ಅಷ್ಟೇ. ಮಿಟಿಗೇಟ್ ಮಾಡುವುದು ಒಂದು ಕೆಡುಕಿನ ತೀವ್ರತೆಯನ್ನು. ಅಪಾಯವನ್ನು, ಹಾನಿಯನ್ನು, ದುಷ್ಪರಿಣಾಮವನ್ನು. ಕೆಡುಕು ಇರುತ್ತದೆ, ಅದರ ಮೊನೆ ಮೊಂಡಾಗುತ್ತದೆ."

ಲ್ಯಾಟಿನ್‌ನಲ್ಲಿ "ಮಿಟಿಸ್" ಎಂದರೆ ಮೃದು ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕಾರ್ಡಿನಲ್ಲಿ "ಕಡಿಮೆ ಮಾಡು" ಎಂಬುದನ್ನು ಹೊಡೆದುಹಾಕಿ "ಕೆಡುಕಿನ ತೀವ್ರತೆ ತಗ್ಗಿಸು" ಎಂದು ಬರೆದಳು. ಅದರ ಕೆಳಗೆ ಜೊತೆಗಾರ ಪದಗಳು: ರಿಸ್ಕ್, ಡ್ಯಾಮೇಜ್, ಇಂಪ್ಯಾಕ್ಟ್. ಕುಟುಂಬ: ಮಿಟಿಗೇಷನ್, ಅನ್‌ಮಿಟಿಗೇಟೆಡ್. ವಿರುದ್ಧ: ಅಗ್ರವೇಟ್. ಕೊನೆಗೆ ಹೊಸ ವಾಕ್ಯ: ನದಿಯ ತಡೆಗೋಡೆ ಪ್ರವಾಹದ ಹಾನಿಯನ್ನು ಮಿಟಿಗೇಟ್ ಮಾಡಿತು. ಒಂದು ಮೂಲೆಯಲ್ಲಿ ನಾನೇ ಒಂದು ಎಚ್ಚರಿಕೆ ಬರೆದುಕೊಟ್ಟೆ: ಇದರ ಮುಂದೆ "ಅಗೆನ್‌ಸ್ಟ್" ಹಾಕಬೇಡ. ಅಗೆನ್‌ಸ್ಟ್ ಬೇಕಾಗಿರುವುದು, ಅಡ್ಡಿಯಾಗು ಎಂಬ ಅರ್ಥ ಕೊಡುವ "ಮಿಲಿಟೇಟ್" ಎಂಬ ಬೇರೆಯೇ ಪದಕ್ಕೆ. ದೊಡ್ಡವರು ಬರೆದ ಲೇಖನಗಳಲ್ಲೂ ಈ ತಪ್ಪು ಕಾಣಿಸುತ್ತದೆ.

ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಆದರೆ ಆ ಪದವನ್ನು ಅವಳು ಇನ್ನು ಮರೆಯಲಾರಳು, ಜಗಳವಾಡಿ ಕಲಿತದ್ದಲ್ಲವೇ. ಎಲ್ಲ ಪದಕ್ಕೂ ಇಷ್ಟು ಹೊತ್ತು ಬೇಡ. ಐದು ನಿಮಿಷದಲ್ಲಿ ಮುಗಿಯುವವೇ ಹೆಚ್ಚು.

ಜೊತೆಗಾರ ಪದಗಳ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ನಮ್ಮ ಮಾತಿನಲ್ಲೇ ಇದೆ. ಮೊಕದ್ದಮೆಯನ್ನು ಹೂಡುತ್ತೇವೆ, ಸಾಕ್ಷಿಯನ್ನು ನುಡಿಯುತ್ತೇವೆ, ಸಾಲವನ್ನು ಮಾಡುತ್ತೇವೆ, ಬಡ್ಡಿಯನ್ನು ಕಟ್ಟುತ್ತೇವೆ. ಯಾರಾದರೂ "ಮೊಕದ್ದಮೆ ಕಟ್ಟಿದೆ" ಎಂದರೆ ವ್ಯಾಕರಣ ಸರಿಯಿದ್ದರೂ ಕಿವಿ ಒಪ್ಪುವುದಿಲ್ಲ. ಇಂಗ್ಲಿಷ್ ಕಿವಿಯೂ ಹಾಗೆಯೇ. ಜೋರು ಮಳೆಗೆ ಅಲ್ಲಿ "ಹೆವಿ" ಬೇಕು, ಜೋರು ಗಾಳಿಗೆ "ಸ್ಟ್ರಾಂಗ್" ಬೇಕು, ಅದಲುಬದಲು ಮಾಡುವಂತಿಲ್ಲ. ಈ ಜೋಡಿಗಳನ್ನು ತರ್ಕದಿಂದ ಊಹಿಸಲಾಗದು, ನೋಡಿಯೇ ಕಲಿಯಬೇಕು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳು ಇವನ್ನು ಉದಾಹರಣೆ ವಾಕ್ಯಗಳ ಸಮೇತ ಕೊಡುತ್ತವೆ. ಕನ್ನಡ ಅರ್ಥವನ್ನು ಮೊದಲು ನೋಡಿ ತಪ್ಪಿಲ್ಲ, ಅಲ್ಲಿಗೇ ನಿಲ್ಲಬೇಡಿ.

ಕನ್ನಡ ಬಲ್ಲವರಿಗೆ ಸಿಗುವ ಲಾಭ

ಇದು ನನಗೆ ಅತ್ಯಂತ ಪ್ರಿಯವಾದ ಭಾಗ, ಸ್ವಲ್ಪ ಹೆಚ್ಚು ಹೇಳಿದರೆ ಸಹಿಸಿಕೊಳ್ಳಿ.

ಇಂಗ್ಲಿಷಿನ ಪ್ರೌಢ ಪದಗಳಲ್ಲಿ ಬಹುಪಾಲು ಲ್ಯಾಟಿನ್, ಗ್ರೀಕ್ ಮೂಲದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮೂಲಕ ಬಂದವು ಹಲವು. ಆಮೇಲೆ ಪಂಡಿತರು ನೇರವಾಗಿ ತಂದವು ಇನ್ನು ಹಲವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಹೇಳಿದರು. ಕನ್ನಡ ದ್ರಾವಿಡ ನುಡಿ. ಆದರೂ ನಮ್ಮ ಬರವಣಿಗೆಯ ತುಂಬ ಸಂಸ್ಕೃತ ಪದಗಳಿವೆ. ಹಾಗಾಗಿ ಇಂಗ್ಲಿಷಿನ ಎಷ್ಟೋ ಕಠಿಣ ಪದಗಳ ಸೋದರಸಂಬಂಧಿಗಳು ನಿಮ್ಮ ಬಾಯಲ್ಲಿ ಆಗಲೇ ಇವೆ.

"ಅನಾನಿಮಸ್" ಪದವನ್ನು ಬಿಡಿಸಿ ನೋಡಿ. "ಅನ್" ಎಂದರೆ ಇಲ್ಲ, ಮುಂದಿರುವುದು ಹೆಸರು ಎಂಬ ಅರ್ಥದ ಗ್ರೀಕ್ ಪದ. ನಮ್ಮ "ಅನಾಮಿಕ" ಕೂಡ ಅದೇ ಲೆಕ್ಕ: ಅ, ನಾಮ. "ಇಗ್ನೊರಂಟ್" ಪದದ ಒಳಗಿರುವ ಜಿ-ಎನ್ ಅಕ್ಷರಗಳು ನಮ್ಮ ಜ್ಞಾನದ "ಜ್ಞ"ದ ಬಂಧುಗಳು, ಪದವೇ "ಅಜ್ಞಾನಿ". ಆ ಬೇರು ತಿಳಿದರೆ ಕಾಗ್ನಿಷನ್, ಡಯಾಗ್ನೋಸಿಸ್, ಅಗ್ನಾಸ್ಟಿಕ್ ಮೂರೂ ಒಟ್ಟಿಗೆ ತೆರೆದುಕೊಳ್ಳುತ್ತವೆ. "ಇಮ್ಮಾರ್ಟಲ್" ಎಂದರೆ ಅಮರ. ಎರಡರ ಬೇರೂ ಸಾವೆಂಬ ಅರ್ಥದ್ದೇ, ಮೃತ್ಯು ಅದರದೇ ಬಳಗ. ಗಣಿತದ "ಪೆರಿಮೀಟರ್" ಎಂದರೆ ಪರಿ, ಮಿತಿ: ಸುತ್ತಳತೆ. ನವೀನದ "ನವ" ನಾವೆಲ್, ನಾವಿಸ್, ಇನ್ನೊವೇಟ್, ರೆನೊವೇಟ್ ಪದಗಳಲ್ಲಿ ಕುಳಿತಿದೆ. ಸಂಖ್ಯೆಯ "ನವ" ನವೆಂಬರ್‌ನಲ್ಲಿದೆ, ಏಕೆಂದರೆ ಹಳೆಯ ರೋಮನ್ ಪಂಚಾಂಗದಲ್ಲಿ ಅದು ಒಂಬತ್ತನೇ ತಿಂಗಳು. ಸಪ್ತ, ಅಷ್ಟ, ದಶಗಳು ಎಲ್ಲಿವೆ ಎಂದು ನೀವೇ ಹುಡುಕಿಕೊಳ್ಳಿ.

ಉಪಸರ್ಗಗಳಂತೂ ಹಬ್ಬ. ನಮ್ಮ "ಸು" ಗ್ರೀಕ್ ಮೂಲದ ಪದಗಳಲ್ಲಿ ಇ-ಯು ಆಗಿದೆ: ಸುಸ್ವರ ಎಂದರೆ ಯೂಫೋನಿ, ಕಹಿ ಮಾತನ್ನು ಹಿತವಾಗಿಸಿ ಹೇಳುವುದು ಯೂಫೆಮಿಸಂ. ನಮ್ಮ "ದುಸ್" ಅಲ್ಲಿ ಡಿ-ವೈ-ಎಸ್: ಡಿಸ್ಟೋಪಿಯಾ, ಡಿಸ್ಲೆಕ್ಸಿಯಾ. ಡಿಸ್‌ಅಗ್ರೀ ಎಂಬಲ್ಲಿನ ಡಿ-ಐ-ಎಸ್ ಬೇರೆ, ಅದು ಲ್ಯಾಟಿನ್‌ನದು. ಕಿವಿಗೆ ಒಂದೇ, ಕಣ್ಣಿಗೆ ಎರಡು. "ಅಂತರ" ಎಂಬುದು ಇಂಟರ್. "ಪ್ರ" ಎಂಬುದು ಪ್ರೊ.

ಈ ಆಟ ರುಚಿ ಹತ್ತಿದರೆ ಹುಚ್ಚೂ ಹಿಡಿಯುತ್ತದೆ, ಜೋಪಾನ. ಕಾಲದಿಂದ ಕ್ಯಾಲೆಂಡರ್ ಬಂತು ಎನ್ನುವವರನ್ನು ನಂಬಬೇಡಿ. ಕ್ಯಾಲೆಂಡರ್ ಬಂದದ್ದು ರೋಮನ್ನರು ತಿಂಗಳ ಮೊದಲ ದಿನಕ್ಕೆ ಇಟ್ಟ ಹೆಸರಿನಿಂದ. ಬೇರು ಗೊತ್ತಿದ್ದರೂ ಪದ ಕೈಕೊಡುವುದುಂಟು. "ಇನ್" ಎಂದರೆ ಇಲ್ಲ ಎಂದುಕೊಂಡು ಇನ್‌ಫ್ಲೇಮಬಲ್ ಎಂದು ಬರೆದಿರುವ ಡಬ್ಬದ ಪಕ್ಕ ಬೆಂಕಿಕಡ್ಡಿ ಗೀರಬೇಡಿ. ಥಟ್ಟನೆ ಹೊತ್ತಿಕೊಳ್ಳುವಂಥದ್ದು ಎಂದೇ ಅದರ ಅರ್ಥ. ಇನ್‌ವ್ಯಾಲ್ಯುಅಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಬೇರನ್ನು ಊಹೆಗೆ ಬಳಸಿ, ತೀರ್ಪಿಗೆ ನಿಘಂಟು ನೋಡಿ.

ಬೇರಿನ ನೆಂಟಸ್ತಿಕೆ ಸಿಗದ ಕಡೆ ಧ್ವನಿಯ ನೆಂಟಸ್ತಿಕೆ ಹುಡುಕಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಅಟ್ಕಿನ್‌ಸನ್ ಮತ್ತು ಮೈಕೆಲ್ ರಾ 1975ರಲ್ಲಿ ರಷ್ಯನ್ ಪದಗಳನ್ನು ಕಲಿಸುವಾಗ ಈ ಉಪಾಯವನ್ನು ಪರೀಕ್ಷಿಸಿ ಕೆಲಸ ಮಾಡುತ್ತದೆಂದು ತೋರಿಸಿದರು. ಹೊಸ ಪದದ ಸದ್ದಿಗೆ ಹೋಲುವ ನಮ್ಮ ನುಡಿಯ ಪದವೊಂದನ್ನು ಹಿಡಿದು ಎರಡನ್ನೂ ಒಂದು ಚಿತ್ರದಲ್ಲಿ ಕೂಡಿಸಬೇಕು. "ಕ್ಯಾಲಸ್" ಎಂದರೆ ಕರುಣೆಯಿಲ್ಲದ, ಕಲ್ಲೆದೆಯವನನ್ನು ನೆನೆಯಿರಿ. "ಮಲೈನ್" ಎಂದರೆ ಹೆಸರು ಕೆಡಿಸುವುದು. ಹೆಸರನ್ನು ಮಲಿನ ಮಾಡುವುದು. "ಕ್ಯಾಂಡಿಡ್" ಎಂದರೆ ಮುಚ್ಚುಮರೆಯಿಲ್ಲದೆ ಮಾತಾಡುವವನು. ಕಂಡಿದ್ದನ್ನು ಕಂಡ ಹಾಗೆ ಹೇಳುವವನು. ಕಂಡಿದ್ದಕ್ಕೂ ಕ್ಯಾಂಡಿಡ್‌ಗೂ ಯಾವ ಸಂಬಂಧವೂ ಇಲ್ಲ. ಅದರ ನಿಜವಾದ ಬಂಧು ನಮ್ಮ ಚಂದ್ರ: ಎರಡೂ ಹೊಳೆಯುವುದು ಎಂಬ ಒಂದೇ ಬೇರಿನವು. ಹೊಳೆಯುವ ಬಿಳಿಯ ನಿಲುವಂಗಿ ತೊಟ್ಟು ಮತ ಕೇಳುತ್ತಿದ್ದ ರೋಮನ್ನರಿಂದಲೇ "ಕ್ಯಾಂಡಿಡೇಟ್" ಬಂತು. ಈ ಉಪಾಯ ಪದದ ಅರ್ಥವನ್ನು ಬಾಗಿಲವರೆಗೆ ತಂದು ಬಿಡುತ್ತದೆ, ಬಳಕೆಯನ್ನು ಕಲಿಸುವುದಿಲ್ಲ. ನೆನಪಿಗೆ ಹಟ ಮಾಡುವ ಪದಗಳಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ.

ಐದು ಮನೆಗಳ ಪೆಟ್ಟಿಗೆ

ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ನೆನಪು ಮೊದಲ ಕೆಲವು ಗಂಟೆಗಳಲ್ಲಿ ದಡದಡನೆ ಇಳಿದು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಮೊದಲ ಮರುಭೇಟಿ ಮರುದಿನವೇ ಆಗಬೇಕು, ಆಮೇಲಿನವು ದೂರದೂರ ಇದ್ದರೂ ನಡೆಯುತ್ತದೆ.

ಇದಕ್ಕೆ ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಪೆಟ್ಟಿಗೆ ಸಾಕು. ರಟ್ಟಿನ ಪೆಟ್ಟಿಗೆಯಲ್ಲಿ ಐದು ಮನೆ ಮಾಡಿ. ಹೊಸ ಕಾರ್ಡು ಮೊದಲ ಮನೆಗೆ. ಸರಿಯಾಗಿ ಹೇಳಿದರೆ ಮುಂದಿನ ಮನೆಗೆ ಬಡ್ತಿ. ತಪ್ಪಿದರೆ, ಅದು ನಾಲ್ಕನೇ ಮನೆಯಲ್ಲಿದ್ದರೂ ಸರಿ, ಮತ್ತೆ ಮೊದಲ ಮನೆಗೆ. ಮೊದಲ ಮನೆಯನ್ನು ದಿನವೂ ನೋಡಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಈ ದಿನಗಳ ಲೆಕ್ಕ ನನ್ನದು; ಒಂದೆರಡು ದಿನ ಆಚೀಚೆಯಾದರೆ ಚಿಂತೆಯಿಲ್ಲ. ಮೊಬೈಲ್‌ನಲ್ಲಿ ಮಾಡುವುದಾದರೆ ಆಂಕಿಯಂಥ ಆ್ಯಪ್‌ಗಳು ಲೆಕ್ಕವನ್ನು ತಾವೇ ಇಡುತ್ತವೆ. ನಾನು ಮಕ್ಕಳಿಗೆ ರಟ್ಟಿನ ಪೆಟ್ಟಿಗೆಯನ್ನೇ ಹೇಳುತ್ತೇನೆ. ಪದ ನೋಡಲು ಮೊಬೈಲ್ ತೆಗೆದವರು ಪದವನ್ನಷ್ಟೇ ನೋಡಿ ಇಟ್ಟದ್ದನ್ನು ನಾನು ಕಂಡಿಲ್ಲ.

ಮುಖ್ಯವಾದ ಷರತ್ತು ಒಂದಿದೆ. ಉತ್ತರ ಹೊಳೆಯದಿದ್ದರೂ ಹತ್ತು ಎಣಿಸುವವರೆಗೆ ಕಾರ್ಡು ತಿರುಗಿಸಬೇಡಿ, ಹೊಳೆದದ್ದನ್ನು ಬಾಯಿಬಿಟ್ಟು ಹೇಳಿ, ಆಮೇಲೆ ತಿರುಗಿಸಿ. ಬರೀ ಓದುತ್ತಾ ಹೋದರೆ ಎಲ್ಲವೂ ಗೊತ್ತಿದೆ ಅನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು 2006ರಲ್ಲಿ ಇದನ್ನೇ ತೋರಿಸಿದರು. ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಅಭ್ಯಾಸ ಮಾಡಿದವರು ಅವರನ್ನು ಹಿಂದಿಕ್ಕಿದರು.

ಕಣ್ಣಿಗೊಂದು, ಕಿವಿಗೊಂದು

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಹಾಗಾಗಿ ಇಂಗ್ಲಿಷನ್ನೂ ನಂಬಿ ಮೋಸಹೋಗುತ್ತೇವೆ. ಎಪಿಟೊಮಿ ಎಂಬ ಪದವನ್ನು ನಾನು ತರಗತಿಯಲ್ಲಿ ಐದು ವರ್ಷ "ಎಪಿಟೋಮ್" ಎಂದೇ ಓದಿದೆ. ನಾಲ್ಕು ಉಚ್ಚಾರಗಳ ಪದ ಅದು, ಕೊನೆಯ ಇ ಮೌನವಲ್ಲ. ಹೈಪರ್ಬೊಲಿಯೂ ಹಾಗೆಯೇ. "ಸಟಲ್" ಎಂಬಲ್ಲಿ ಬಿ ಇದೆ, ಉಚ್ಚಾರವಿಲ್ಲ. ಡೌಟ್ ಮತ್ತು ಡೆಟ್ ಪದಗಳ ಬಿ ಮೊದಲಿಗೆ ಇರಲೇ ಇಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಪಂಡಿತರು ಆಮೇಲೆ ತುರುಕಿದರು. ಆ ಪಂಡಿತರಿಗೆ ಕಾಗುಣಿತ ಪರೀಕ್ಷೆ ಇರಲಿಲ್ಲ ಎಂದು ಕಾಣುತ್ತದೆ. ಕಾರ್ಡು ಬರೆಯುವ ದಿನವೇ ನಿಘಂಟಿನ ಆ್ಯಪ್‌ನಲ್ಲಿ ಉಚ್ಚಾರ ಕೇಳಿ ಮೂರು ಸಲ ಜೋರಾಗಿ ಹೇಳಿ. ತಪ್ಪಾಗಿ ಕುಳಿತ ಉಚ್ಚಾರವನ್ನು ಎಬ್ಬಿಸಿ ಕಳಿಸುವುದು ಬಲು ಕಷ್ಟ.

ಪುಸ್ತಕ ಆರಿಸಿಕೊಳ್ಳುವಾಗ

ಕಾರ್ಡು ಎಷ್ಟೇ ಬರೆದರೂ ಓದದೆ ಪದಗಳು ಗಟ್ಟಿಯಾಗುವುದಿಲ್ಲ. ಯಾರ ನೆರವೂ ಇಲ್ಲದೆ ಕಥೆಯೊಂದು ಚೆನ್ನಾಗಿ ಅರ್ಥವಾಗಬೇಕಾದರೆ ಅದರಲ್ಲಿನ ನೂರಕ್ಕೆ 98ರಷ್ಟು ಪದಗಳು ಗೊತ್ತಿರಬೇಕು ಎಂಬುದು ಹೂ ಮತ್ತು ಪಾಲ್ ನೇಶನ್ ಎಂಬ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು. ಇದನ್ನು ನಾನು ಹೀಗೆ ಬಳಸುತ್ತೇನೆ. 250 ಪದಗಳಿರುವ ಒಂದು ಪುಟ ತೆರೆದು, ಗೊತ್ತಿಲ್ಲದ ಪದಕ್ಕೊಂದರಂತೆ ಬೆರಳು ಮಡಚಿ. ಐದು ಬೆರಳಿನೊಳಗೆ ಪುಟ ಮುಗಿದರೆ ಆ ಪುಸ್ತಕ ನಿಮ್ಮದು. ಎರಡೂ ಕೈ ಮುಗಿದರೆ ಆರು ತಿಂಗಳ ನಂತರ ತೆರೆಯಿರಿ, ಅದೇನು ಓಡಿಹೋಗುವುದಿಲ್ಲ. ಓದುವಾಗ ಪ್ರತಿ ಪದಕ್ಕೂ ನಿಘಂಟು ತೆಗೆಯಬೇಡಿ. ಚುಕ್ಕೆ ಇಟ್ಟು, ಊಹಿಸಿ, ಮುಂದೆ ಹೋಗಿ. ಅಧ್ಯಾಯ ಮುಗಿದ ಮೇಲೆ ಊಹೆ ಸರಿಯೇ ಎಂದು ನೋಡಿ.

ಬಳಕೆ, ಅತಿಬಳಕೆ

ಹೊಸ ಪದವನ್ನು ವಾರದೊಳಗೆ ಎರಡು ಸಲವಾದರೂ ಬಳಸಿ, ಒಮ್ಮೆ ಬರೆದು, ಒಮ್ಮೆ ಆಡಿ. ನಾನು ಕೇಳದೆಯೇ ಅವಳ ಪೆಟ್ಟಿಗೆ ತೆರೆದು ಕಾರ್ಡುಗಳನ್ನು ಎಣಿಸುತ್ತಿದ್ದಾಗ ತಂಗಿಯ ಮಗಳು ಬಂದು, "ದೊಡ್ಡಮ್ಮ, ನೀವು ಸ್ವಲ್ಪ ಅಫಿಶಿಯಸ್" ಎಂದಳು. ಬಳಕೆ ಎಳ್ಳಷ್ಟೂ ತಪ್ಪಿರಲಿಲ್ಲ. ಕಾರ್ಡನ್ನು ಎರಡನೇ ಮನೆಗೆ ದಾಟಿಸಿದೆ.

ಪ್ರಬಂಧದಲ್ಲಿ ಮಾತ್ರ ಕೈ ಬಿಗಿಹಿಡಿಯಿರಿ. ಒಂದು ಪ್ಯಾರಾಕ್ಕೆ ಒಂದು ಹೊಸ ಪದ ಸಾಕು. "ಯೂಸ್" ಎಂದರೆ ಸಾಲುವಲ್ಲಿ "ಯುಟಿಲೈಸ್", "ಸ್ಟಾರ್ಟ್" ಇರುವಲ್ಲಿ "ಕಮೆನ್ಸ್" ಬರೆದರೆ ಪ್ರಬಂಧ ಕಂಪನಿಯ ಸುತ್ತೋಲೆಯಂತೆ ಕಾಣುತ್ತದೆ. ಸಮಾನಾರ್ಥಕ ಕೋಶದಿಂದ ನೇರವಾಗಿ ಪದ ಎತ್ತಿ ಅಂಟಿಸುವುದು ಇನ್ನೂ ಅಪಾಯ. ಸ್ಲಿಮ್ ಮತ್ತು ಸ್ಕಿನಿ ಎರಡೂ ತೆಳ್ಳಗಿರುವವರಿಗೇ, ಒಂದು ಹೊಗಳಿಕೆ, ಇನ್ನೊಂದು ಚುಚ್ಚು. ಫೇಮಸ್ ಮತ್ತು ನೊಟೋರಿಯಸ್ ಇಬ್ಬರನ್ನೂ ಜನ ಬಲ್ಲರು, ಒಬ್ಬರನ್ನು ಪೊಲೀಸರೂ ಬಲ್ಲರು. ಡಿಸ್‌ಇಂಟರೆಸ್ಟೆಡ್ ಎಂದರೆ ಆಸಕ್ತಿಯಿಲ್ಲದ ಎಂದುಕೊಳ್ಳುತ್ತಾರೆ. ಎಚ್ಚರದಿಂದ ಬರೆಯುವವರು ಅದನ್ನು ಸ್ವಾರ್ಥವಿಲ್ಲದ, ಪಕ್ಷಪಾತವಿಲ್ಲದ ಎಂಬ ಅರ್ಥದಲ್ಲಿ ಬಳಸುತ್ತಾರೆ. ನ್ಯಾಯಾಧೀಶರು ಡಿಸ್‌ಇಂಟರೆಸ್ಟೆಡ್ ಆಗಿರಬೇಕು, ಅನ್‌ಇಂಟರೆಸ್ಟೆಡ್ ಆಗಬಾರದು. ಒಂದು ಪದವನ್ನು ಯಾರಾದರೂ ಬಳಸಿದ ಮೂರು ವಾಕ್ಯಗಳನ್ನಾದರೂ ನೋಡದೆ ನೀವು ಬಳಸಬೇಡಿ.

ಪರೀಕ್ಷೆಗೆ ಹತ್ತು ದಿನ ಇರುವಾಗ ಹೊಸ ಕಾರ್ಡು ಬರೆಯುವುದನ್ನು ನಿಲ್ಲಿಸಿ. ಪೆಟ್ಟಿಗೆಯ ಮೊದಲ ಎರಡು ಮನೆಗಳಲ್ಲಿ ಉಳಿದಿರುವವು ನಿಮಗೆ ಒಲಿಯದ ಪದಗಳು. ಅವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಪ್ರಶ್ನೆಪತ್ರಿಕೆಯ ಕ್ರಿಯಾಪದಗಳನ್ನು ಇನ್ನೊಂದರಲ್ಲಿ. ದಿನಕ್ಕೆ ಹದಿನೈದು ನಿಮಿಷ ಇವೆರಡಕ್ಕೆ ಮಾತ್ರ. ಪ್ರಬಂಧ ಬರೆಯುವಾಗ ಕಾಗುಣಿತದ ಬಗ್ಗೆ ಅನುಮಾನವಿರುವ ಪದವನ್ನು ಬಿಟ್ಟು ಗೊತ್ತಿರುವ ಸರಳ ಪದವನ್ನೇ ಬರೆಯಿರಿ. ಅನುಮಾನದ ಪದವನ್ನು ಪರೀಕ್ಷೆ ಮುಗಿದ ಸಂಜೆ ನಿಘಂಟಿನಲ್ಲಿ ನೋಡಿ, ಕಾರ್ಡು ಬರೆದು ಮೊದಲ ಮನೆಗೆ ಹಾಕಿ.